ಇಪ್ಪತ್ತನೇ ಮನೆ

ಪ್ಯೊ ದೊಕ್ಸುನ್ ಒಂದೇ ವಿಷಯದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೂರನೇ ಸಲವೂ ಹೊಡೆದರೆ ಪಟ್ಟಿಯಿಂದ ಹೆಸರು ತೆಗೆದುಹಾಕುತ್ತೇವೆ ಎಂದು ಆಗಸ್ಟ್ ಕೊನೆಗೆ ಕಾಲೇಜಿನಿಂದ ಮನೆಗೇ ಕಾಗದ ಬಂತು. ಕಾಗದದ ಭಾಷೆ ಬಹಳ ಮರ್ಯಾದೆಯದು. ನಮ್ಮ ಕಚೇರಿಗಳೇ ಹಾಗೆ, ಮನುಷ್ಯನನ್ನು ಎಷ್ಟು ದೂರ ತಳ್ಳಬೇಕೋ ಅಷ್ಟು ಬಗ್ಗಿ ಮಾತಾಡುತ್ತವೆ. ದೊಕ್ಸುನ್ ಅದನ್ನು ಎರಡು ಸಲ ಓದಿ, ಮಡಿಸಿ, ಉಪ್ಪಿನಕಾಯಿಯಂಥ ಕಿಮ್ಚಿ ಇಡುವ ಫ್ರಿಜ್ಜಿನ ಮೇಲಿಟ್ಟು ಮೂಲಂಗಿ ಹೆಚ್ಚಲು ಕುಳಿತಳು. 

ಅವಳಿಗೆ ಐವತ್ತೆರಡು. ಇಪ್ಪತ್ತಮೂರು ವರ್ಷ ತನ್ನ ಬಂದರೂರಿನ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಏಳುನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ಬಲಭುಜ ಸೋತ ಮೇಲೆ ಸೌಟು ಕೆಳಗಿಟ್ಟು, ಬಿಟ್ಟುಹೋಗಿದ್ದ ಶಾಲೆಯ ಪರೀಕ್ಷೆಗಳನ್ನು ಹೊರಗಿನಿಂದ ಕಟ್ಟಿ ಮುಗಿಸಿ, ಊರಾಚೆಯ ಎರಡು ವರ್ಷದ ಕಾಲೇಜಿಗೆ ಸೇರಿದಳು. ಊರಿನ ಹುಡುಗರೆಲ್ಲ ರಾಜಧಾನಿ ಸೋಲ್‌ ಕಡೆ ಮುಖ ಮಾಡಿ ಬೆಂಚುಗಳು ಖಾಲಿ ಬಿದ್ದಿದ್ದರಿಂದ ಕಾಲೇಜಿನವರು ಅವಳಂಥವರನ್ನು ಕೈ ಹಿಡಿದು ಒಳಗೆ ಕರೆದುಕೊಂಡಿದ್ದರು. ಅಡುಗೆಯ ಕೋರ್ಸು ಬಿಟ್ಟು ಕಂಪ್ಯೂಟರಿನದಕ್ಕೆ ಯಾಕೆ ಸೇರಿದೆ ಎಂದು ನಾದಿನಿ ಮೂಗು ಮುರಿದಾಗ ದೊಕ್ಸುನ್ ಹೇಳಿದ್ದಿಷ್ಟೆ: "ಅಡುಗೆ ನನಗೆ ಬರುತ್ತೆ. ಬರದೇ ಇರೋದನ್ನ ಕಲಿಯೋಕೆ ತಾನೆ ಕಾಲೇಜು ಇರೋದು?"

ಆದರೆ ಕಲಿಯಲಾಗಲಿಲ್ಲ. ಅದು ಅವಳಿಗೆ ಒಳಗೊಳಗೇ ಸುಡುತ್ತಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ, ಅಪ್ಪನ ದೋಣಿ ಮರಳಿ ಬಾರದ ವರ್ಷ, ಅವಳನ್ನು ಶಾಲೆ ಬಿಡಿಸಿ ಕಡಲಸೊಪ್ಪು ಒಣಗಿಸುವ ಕಾರ್ಖಾನೆಗೆ ಹಾಕಿದ್ದರು. ಆಗ ಹೆಸರು ತೆಗೆಸಿದ್ದು ಬಡತನ, ಯಾರನ್ನೂ ದೂರುವಂತಿರಲಿಲ್ಲ. ಈ ಸಲ ತೆಗೆದರೆ ಅದು ತನ್ನ ದಡ್ಡತನ ಎಂದು ಅವಳ ಲೆಕ್ಕ. ಅದನ್ನು ಹೊತ್ತುಕೊಂಡು ಬದುಕಲು ಅವಳು ತಯಾರಿರಲಿಲ್ಲ.

ಎರಡು ಸಲವೂ ಆ ಪ್ರೋಗ್ರಾಮು ಬರೆಯುವ ಪಾಠ ಮಾಡಿದವರು ವಿಭಾಗದ ಮುಖ್ಯಸ್ಥರಾದ ಮಾ ಪ್ರೊಫೆಸರ್. ಅವರು ಕೆಟ್ಟವರಲ್ಲ. ಮೂವತ್ತು ವರ್ಷದಿಂದ ಒಂದು ತರಗತಿಯನ್ನೂ ತಪ್ಪಿಸಿದವರಲ್ಲ. ಮೊದಲ ಅಧ್ಯಾಯದಲ್ಲಿ ಯಂತ್ರದ ನೆನಪು, ಎರಡನೆಯದರಲ್ಲಿ ಸಂಖ್ಯೆ ತುಂಬಿಡುವ ಹೆಸರಿಟ್ಟ ಡಬ್ಬಿಗಳು, ಮೂರರಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತುಗಳು ಎಂದು ಪುಸ್ತಕದ ಪುಟ ಪುಟವನ್ನೂ ಬೋರ್ಡಿಗೆ ಇಳಿಸುತ್ತಿದ್ದರು. ಪರೀಕ್ಷೆ ಹಾಳೆಯ ಮೇಲೆ. ದೊಕ್ಸುನ್ ಹದಿನೈದು ಸಾಲಿನ ಪ್ರೋಗ್ರಾಮುಗಳನ್ನು ಅಲ್ಪವಿರಾಮದ ಸಮೇತ ಬಾಯಿಪಾಠ ಮಾಡಿ ಹೋಗುತ್ತಿದ್ದಳು. ಪ್ರಶ್ನೆಯಲ್ಲಿ ಒಂದು ಸಂಖ್ಯೆ ಬದಲಾದರೆ ಸಾಕು, ಕೂತಲ್ಲೇ ಕಲ್ಲಾಗುತ್ತಿದ್ದಳು.

ಅರ್ಧ ತರಗತಿಯೇ ಹಾಗೆ ಮುಗ್ಗರಿಸಿದ್ದರಿಂದ ಸೆಪ್ಟೆಂಬರಿನಲ್ಲಿ ಆ ಪಾಠವನ್ನು ಹೊಸಬರೊಬ್ಬರಿಗೆ ಕೊಟ್ಟರು. ಮೆಂಗ್ ಹ್ಯೆರಿಮ್ ಮೇಡಂಗೆ ಮೂವತ್ತನಾಲ್ಕು ವರ್ಷ. ಕಂಪ್ಯೂಟರ್ ಆಟ ತಯಾರಿಸುವ ಕಂಪನಿಯೊಂದರಲ್ಲಿ ಆರು ವರ್ಷ ಜೀವ ತೇಯ್ದು ಬಂದವರು. ಮೊದಲ ದಿನ ರಬ್ಬರ್ ಚಪ್ಪಲಿ ಎಳೆಯುತ್ತ ಬಂದು, ಪುಸ್ತಕ ತೆರೆದವರಿಗೆಲ್ಲ ಮುಚ್ಚಲು ಹೇಳಿದರು.

"ಡಿಸೆಂಬರ್ ಹೊತ್ತಿಗೆ ಒಬ್ಬೊಬ್ಬರೂ ಒಂದು ಆಟ ಮಾಡಿ ತನ್ನಿ. ನಾನು, ಮಾ ಸಾರ್ ಇಬ್ಬರೂ ಕೂತು ಆಡ್ತೀವಿ. ಆಟ ನಡೆದರೆ, ಅದು ಹೇಗೆ ನಡೆಯುತ್ತೆ ಅಂತ ನೀವು ಹೇಳಿದರೆ, ಪಾಸು. ಬೇರೆ ಪರೀಕ್ಷೆ ಇಲ್ಲ."

ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರು ಬೆಂಚು ಬಡಿದು ಕುಣಿದರು. ದೊಕ್ಸುನ್‌ಗೆ ಮಾತ್ರ ಎದೆ ಧಸಕ್ಕೆಂದಿತು. ಬಾಯಿಪಾಠಕ್ಕೆ ಪುಸ್ತಕವೂ ಇಲ್ಲದ ಮೇಲೆ ತಾನೇನು ಹಿಡಿದುಕೊಂಡು ದಾಟಬೇಕು? ಅವಳು ಮೆಲ್ಲಗೆ ಕೈಯೆತ್ತಿದಳು.

"ಮೇಡಂ, ಈ ಬಂದೂಕು ಹಿಡಿದು ಓಡಾಡೋ ಆಟ ಎಲ್ಲ ನನಗೆ ಗೊತ್ತಿಲ್ಲ. ನನ್ನ ಫೋನಲ್ಲಿ ಆಟಾನೇ ಇಲ್ಲ."

"ಕೈಯಲ್ಲಿ ಆಡೋದು ಯಾವುದು ಬರುತ್ತೆ?"

"ಯುತ್ ಬರುತ್ತೆ. ಕೋಲು ಎಸೆದು ಕಾಯಿ ನಡೆಸೋ ಆಟ, ಅದು ಯಾರಿಗೆ ಬರಲ್ಲ?"

"ನನಗೆ ಬರಲ್ಲ ಅಂದ್ಕೊಳ್ಳಿ. ಹುಟ್ಟಾ ಪೆದ್ದಿ ನಾನು. ಹೇಗೆ ಆಡೋದು ಅಂತ ಕಾಗದದಲ್ಲಿ ಬರೆದುಕೊಡಿ, ಬರೆದಷ್ಟನ್ನೇ ಮಾಡ್ತೀನಿ."

ದೊಕ್ಸುನ್ ಬರೆದಳು: ಕೋಲುಗಳನ್ನು ಎಸೆ. ಮೆಂಗ್ ಮೇಡಂ ಮೇಜಿನ ಮೇಲಿದ್ದ ಎರಡು ಬಣ್ಣದ ಪೆನ್ಸಿಲು ತೆಗೆದುಕೊಂಡು ಬಾಗಿಲಾಚೆ ಎಸೆದರು. ಹುಡುಗರು ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಕೂತಿದ್ದ ಸೆಬ್ಯೊಲ್ ಎಂಬ ಹುಡುಗಿ ಕಣ್ಣೊರೆಸಿಕೊಳ್ಳುತ್ತ, "ಎಷ್ಟು ಕೋಲು, ಎಲ್ಲಿಗೆ ಅಂತ ಬರೀರಿ ಚಿಕ್ಕಮ್ಮ" ಎಂದಳು. ದೊಕ್ಸುನ್ ಅದನ್ನು ಹೊಡೆದುಹಾಕಿ ಮತ್ತೆ ಬರೆದಳು. ನಾಲ್ಕು ಕೋಲು. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಗುಂಡು. ಮೊಣಕಾಲೆತ್ತರಕ್ಕೆ ಚಿಮ್ಮಿಸಿ ಚಾಪೆಯ ಮೇಲೆ ಬೀಳಿಸು. ಚಪ್ಪಟೆ ಮೇಲಾಗಿ ಬಿದ್ದವನ್ನು ಎಣಿಸು. ಒಂದಾದರೆ ದೊ, ಕಾಯಿ ಒಂದು ಮನೆ ಮುಂದೆ. ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕಕ್ಕೆ ನಾಲ್ಕು. ಒಂದೂ ಚಪ್ಪಟೆ ಇಲ್ಲದೆ ನಾಲ್ಕೂ ಗುಂಡಾದರೆ ಅದು ಮೊ, ಐದು ಮನೆ. ನಾಲ್ಕು ಬಿದ್ದರೂ ಮೊ ಬಿದ್ದರೂ ಇನ್ನೊಮ್ಮೆ ಎಸೆತ. ಒಂದು ಕೋಲಿಗೆ ಗುರುತು ಹಾಕಿರುತ್ತದೆ, ಅದೊಂದೇ ಚಪ್ಪಟೆ ಬಿದ್ದರೆ ಬ್ಯಾಕ್-ದೊ, ಕಾಯಿ ಒಂದು ಮನೆ ಹಿಂದಕ್ಕೆ. ಮಣೆಯ ಸುತ್ತ ಇಪ್ಪತ್ತು ಮನೆಯ ಒಂದು ಸುತ್ತು ಬಂದು ಹೊರಟ ಚುಕ್ಕಿಯನ್ನು ದಾಟಿದರೆ ಕಾಯಿ ಹಣ್ಣು.

ಮೂರು ಹಾಳೆ ಆಯಿತು. ಹುಟ್ಟಾ ಪೆದ್ದಿ ಅದನ್ನು ಓದಿ ಓದಿ ಆಡಿದರು, ತಪ್ಪಾದಲ್ಲೆಲ್ಲ ಅದು ಅವರ ತಪ್ಪಾಗಿರದೆ ಹಾಳೆಯ ತಪ್ಪಾಗಿತ್ತು.

"ಇದೇ ನೋಡಿ ಪ್ರೋಗ್ರಾಮು" ಎಂದರು ಮೇಡಂ. "ಯಂತ್ರ ನನಗಿಂತ ಪೆದ್ದು. ಅಷ್ಟೇ ವ್ಯತ್ಯಾಸ."

ದೊಕ್ಸುನ್‌ಗೆ ಆವತ್ತು ಮೊದಲ ಬಾರಿಗೆ ತಲೆಯೊಳಗೆ ಏನೋ ಸಡಿಲವಾಯಿತು. ಅಡುಗೆಮನೆಗೆ ಹೊಸದಾಗಿ ಬರುತ್ತಿದ್ದ ಹೆಂಗಸರಿಗೆ ಅವಳು ಇಪ್ಪತ್ತಮೂರು ವರ್ಷ ಮಾಡಿದ್ದೂ ಇದನ್ನೇ ತಾನೆ. ಮೊಟ್ಟೆ ಆಗದ ಮಗುವಾದರೆ ಹಳದಿ ತಟ್ಟೆ, ಇಲ್ಲದಿದ್ದರೆ ಬಿಳಿ ತಟ್ಟೆ. ಸಾಲು ಮುಗಿಯುವ ತನಕ ಬಡಿಸುತ್ತಿರು. ಅನ್ನ ಕಾಲು ಪಾತ್ರೆಗೆ ಇಳಿದರೆ ಕೂಗು. ಮಾ ಪ್ರೊಫೆಸರರ ಬೋರ್ಡಿನ ಮೇಲೆ ಇವೇ ಸಂಗತಿಗಳು ಬೇರೆ ವೇಷದಲ್ಲಿ ಬಂದು ಅವಳನ್ನು ಹೆದರಿಸಿದ್ದವು. ಈಗ ವೇಷ ಕಳಚಿ ನಿಂತಾಗ ಅವಳಿಗೆ ಸಿಟ್ಟೇ ಬಂತು. ಇಷ್ಟಕ್ಕಾ ನನ್ನನ್ನು ಎರಡು ಸಲ ಅಳಿಸಿದ್ದು ಎಂದು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಗೊಣಗಿದಳು.

ಇಷ್ಟಾದರೂ ಹಾದಿ ಹೂವಿನದಾಗಿರಲಿಲ್ಲ. ಒಂದು ಚುಕ್ಕಿ ಬಿಟ್ಟುಹೋದರೆ ಯಂತ್ರ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಅಕ್ಟೋಬರ್ ಪೂರ್ತಿ ಅವಳ ಕಾಯಿಗಳು ಮಣೆ ಬಿಟ್ಟು ಪರದೆಯ ಅಂಚಿನಾಚೆ ನಡೆದುಹೋದವು. ಆದರೆ ತಪ್ಪು ಕಣ್ಣಿಗೆ ಕಾಣುತ್ತಿತ್ತು, ಕಂಡ ತಪ್ಪನ್ನು ಬಿಟ್ಟುಬಿಡುವ ಸ್ವಭಾವ ಅವಳದಲ್ಲ. ನವೆಂಬರ್ ಕೊನೆಗೆ, ಊರಿನ ಹೆಂಗಸರೆಲ್ಲ ಸೇರಿ ಚಳಿಗಾಲದ ಕಿಮ್ಚಿ ಹಾಕಿ ಮುಗಿಸಿದ ವಾರ, ಅವಳ ಯುತ್ ಎದ್ದು ನಿಂತು ನಡೆಯಿತು. ದೊಕ್ಸುನ್ ಲ್ಯಾಪ್‌ಟಾಪನ್ನು ಹೊದಿಕೆಯಲ್ಲಿ ಸುತ್ತಿ, ತಾಜಾ ಕಿಮ್ಚಿಯ ಡಬ್ಬಿಯ ಜೊತೆ, ಓಣಿಯ ವೃದ್ಧರು ದಿನವೂ ಸೇರುವ ಕೋಣೆಗೆ ಹೊತ್ತೊಯ್ದಳು.

ಕೆಳಗಿನಿಂದ ಕಾಯಿಸಿದ ಬಿಸಿ ನೆಲದ ಮೇಲೆ ಮಿಲಿಟರಿ ಕಂಬಳಿ ಹಾಸಿಕೊಂಡು ನಾಲ್ಕು ಜನ ಅಜ್ಜಿಯರು ಕಾಲು ಚಾಚಿ ಕೂತಿದ್ದರು. ಅವರ ನಾಯಕಿ ಬೊಲ್ಗ್ಯೊ ಅಜ್ಜಿ. ಬೊಲ್ಗ್ಯೊ ಅವಳ ತವರೂರು. ಮದುವೆಯಾಗಿ ಬಂದು ಅರವತ್ತೈದು ವರ್ಷವಾದರೂ ಅವಳಿಗೆ ಬೇರೆ ಹೆಸರಿಲ್ಲ.

"ಏನವ್ವಾ ಇದು, ಟೀವಿಯಾ?"

"ಯುತ್ ಅಜ್ಜಿ. ನಾನೇ ಮಾಡಿದ್ದು."

"ಕೋಲೆಲ್ಲವೆ?"

"ಒಳಗವೆ. ಈ ಉದ್ದದ ಗುಂಡಿ ಒತ್ತು, ಬೀಳ್ತವೆ."

"ಒತ್ತದಾ? ಎಸೆಯಾದಲ್ವಾ?" ಎಂದು ಅಜ್ಜಿ ಮಿಕ್ಕವರ ಕಡೆ ನೋಡಿದಳು. "ಇವಳು ಕಾಲೇಜಿಗೆ ಹೋಗಿ ಕೋಲು ಒತ್ತದ ಕಲ್ತು ಬಂದವಳೆ."

ಆದರೂ ಒತ್ತಿದರು. ಮೊದಲ ಆಟ ಮುಗಿಯುವ ಹೊತ್ತಿಗೆ ನಾಲ್ವರೂ ಪರದೆಗೆ ಮೂಗು ತಾಗಿಸಿದ್ದರು. ಎರಡನೆಯದಕ್ಕೆ ಕಿರುಚಾಟ. ದೊಕ್ಸುನ್ ಗೋಡೆಗೊರಗಿ, ಏಳುನೂರು ತಟ್ಟೆ ಖಾಲಿಯಾದದ್ದನ್ನು ನೋಡುವ ಹಾಗೆ ನೋಡುತ್ತಿದ್ದಳು. ಮೂರನೇ ಆಟದ ನಡುವೆ, ತಾನೇ ಗೆಲ್ಲುತ್ತಿರುವಾಗ, ಬೊಲ್ಗ್ಯೊ ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು.

"ಇದು ಕಳ್ಳ ಡಬ್ಬ."

"ಯಾಕಜ್ಜಿ? ನೀನೇ ಗೆಲ್ತಾ ಇದೀಯಲ್ಲ."

"ಗೆದ್ದೆ ಅಂತ ಬಾಯಿ ಮುಚ್ಕೊಂಡಿರ್ಲಾ? ಹತ್ತು ಸಲ ಒತ್ತಿದ್ರೆ ಎರಡು ಸಲ ಮೊ ಬಿದ್ದದಾ? ನಾನು ಮದುವೆಯಾಗಿ ಬಂದ ವರ್ಸ ಒಂದೇ ದಿನ ಮೂರು ಮೊ ಹಾಕಿದ್ದೆ, ಊರೋರು ಇವತ್ತಿಗೂ ಅದನ್ನೇ ಆಡ್ಕತಾರೆ."

"ಕಂಪ್ಯೂಟರಿಗೆ ಮೋಸ ಮಾಡೋಕೆ ಬರಲ್ಲ ಅಜ್ಜಿ."

"ಅದಕ್ಕೆ ಬರ್ದೆ ಇರಬೌದು" ಎಂದಳು ಅಜ್ಜಿ. "ಅದಕ್ಕೆ ಹೇಳ್ಕೊಟ್ಟೋಳು ಯಾರು?"

ದೊಕ್ಸುನ್ ಡಬ್ಬ ಮಡಿಸಿದಳು. ಪರೀಕ್ಷೆಗೆ ಮೂರೇ ವಾರ. ಮುದುಕಿಯರ ಗೊಣಗಾಟ ಎಂದು ತಳ್ಳಿಹಾಕಿ ಹಾಗೇ ಒಯ್ದರೂ ಮಾ ಪ್ರೊಫೆಸರರಿಗೆ ಗೊತ್ತಾಗುತ್ತಿರಲಿಲ್ಲವೇನೋ. ಆದರೆ ಉಪ್ಪು ಹೆಚ್ಚಾದ ಸಾರನ್ನು ಅವಳು ಯಾವತ್ತೂ ಮಕ್ಕಳಿಗೆ ಬಡಿಸಿದವಳಲ್ಲ. ಮರುದಿನ ಮೆಂಗ್ ಮೇಡಂ ಎದುರು ನಿಂತಳು.

"ಕೋಲು ಎಸೆಯೋಕೆ ಯಂತ್ರಕ್ಕೆ ಏನಂತ ಹೇಳಿದೀರಿ?" ಎಂದು ಮೇಡಂ ಕೇಳಿದರು.

"ಒಂದರಿಂದ ಐದರೊಳಗೆ ಕಣ್ಣು ಮುಚ್ಚಿ ಒಂದು ಸಂಖ್ಯೆ ಎತ್ತು ಅಂತ."

"ಅದರಲ್ಲಿ ಕೋಲೆಲ್ಲಿ ಬಂತು?"

ದೊಕ್ಸುನ್ ತಾನು ಬರೆದ ಸಾಲನ್ನು ಮತ್ತೆ ಓದಿದಳು. ಕೋಲೇ ಇರಲಿಲ್ಲ. ಐದು ಚೀಟಿ ಬರೆದು ಡಬ್ಬಿಗೆ ಹಾಕಿ, ಎತ್ತು ಎಂದು ಹೇಳಿದ್ದಳು. ಐದು ಚೀಟಿಯಲ್ಲಿ ಮೊ ಕೂಡ ಒಂದು, ಹಾಗಾಗಿ ಐದಕ್ಕೊಂದು ಸಲ ಬೀಳುತ್ತಿತ್ತು. ನಿಜವಾದ ಕೋಲಿನಲ್ಲಿ ಮೊ ಬೀಳಬೇಕಾದರೆ ನಾಲ್ಕಕ್ಕೆ ನಾಲ್ಕೂ ಒಪ್ಪಬೇಕು. ಹುಟ್ಟಿದಾಗಿನಿಂದ ಕೋಲು ಎಸೆದ ಕೈಗೆ ಗೊತ್ತಿದ್ದುದನ್ನು ತಲೆ ಮರೆತಿತ್ತು. ಅವಳು ಮೇಡಂಗೆ ಧನ್ಯವಾದವನ್ನೂ ಹೇಳದೆ ಓಡಿಹೋಗಿ ಕೂತು, ಒಂದು ಕೋಲಿನ ಗತಿಯನ್ನು ಬರೆದು, ಅದನ್ನು ನಾಲ್ಕು ಸಲ ಸುತ್ತಿಸಿ, ಚಪ್ಪಟೆ ಬಿದ್ದವನ್ನು ಎಣಿಸುವಂತೆ ಮಾಡಿದಳು. ಸುತ್ತು ಎಂದರೆ ಏನು, ಎಣಿಕೆ ಇಡುವ ಡಬ್ಬಿ ಎಂದರೆ ಏನು ಎಂದು ಅವಳಿಗೆ ಆಮೇಲೆ ಯಾರೂ ಹೇಳಬೇಕಾಗಲಿಲ್ಲ.

ಅಜ್ಜಿಗೆ ಆಗಲೂ ಸಮಾಧಾನವಿಲ್ಲ. "ಈಗ ಮೊ ಸರಿ ಆಯ್ತು. ದೊ ಜಾಸ್ತಿ ಬತ್ತಾವೆ. ಕೋಲು ಅಂಗೆ ಬೀಳಕಿಲ್ಲ, ಗುಂಡು ಬೆನ್ನಿನ ಮ್ಯಾಲೆ ಮಲಗಾದೇ ಜಾಸ್ತಿ."

ಈ ಸಲ ದೊಕ್ಸುನ್ ವಾದ ಮಾಡಲಿಲ್ಲ. ಕಂಬಳಿಯ ಮೇಲೆ ಒಂದು ಕೋಲನ್ನು ಐನೂರು ಸಲ ಎಸೆದರು. ಒಬ್ಬ ಅಜ್ಜಿಗೆ ಕೈ ನೋವಾದರೆ ಇನ್ನೊಬ್ಬಳು. ಚಪ್ಪಟೆಗೆ ಒಂದು ಬಟ್ಟಲು, ಗುಂಡಿಗೆ ಒಂದು ಬಟ್ಟಲು, ಬಿದ್ದಂತೆಲ್ಲ ಒಂದೊಂದು ಕೆಂಪು ಅಲಸಂದೆ. ಕೊನೆಗೆ ಚಪ್ಪಟೆಯ ಬಟ್ಟಲಲ್ಲಿ ಮುನ್ನೂರು ಕಾಳು. ನೂರಕ್ಕೆ ಅರವತ್ತು ಎಂದು ಬರೆದು ಮತ್ತೆ ಆಡಲು ಕೊಟ್ಟಳು. ಬೊಲ್ಗ್ಯೊ ಅಜ್ಜಿ ಒಂದು ಆಟ ಪೂರ್ತಿ ತುಟಿ ಪಿಟಿಕ್ಕೆನ್ನದೆ ಆಡಿ, ಸೋತು, "ಹೂಂ, ಈಗ ಕೋಲು" ಎಂದಳು. ದೊಕ್ಸುನ್‌ಗೆ ಅಲ್ಲೇ ಎದ್ದು ಕುಣಿಯಬೇಕೆನಿಸಿತು. ಭುಜ ನೋಯುತ್ತದೆಂದು ಸುಮ್ಮನಾದಳು.

ಪರೀಕ್ಷೆ ಡಿಸೆಂಬರ್ ಹದಿನೇಳರ ಬೆಳಿಗ್ಗೆ. ಒಳಗೆ ಮೆಂಗ್ ಮೇಡಂ, ಮಾ ಪ್ರೊಫೆಸರ್, ಇಬ್ಬರ ನಡುವೆ ಅಂಕದ ಹಾಳೆ. ಹೊರಗೆ ಹುಡುಗರ ಸಾಲು. ದೊಕ್ಸುನ್ ಹನ್ನೊಂದನೆಯವಳು. ಅವಳು ಮಗಳ ಮದುವೆಗೆ ತೆಗೆದಿಟ್ಟಿದ್ದ ಕೋಟು ಹಾಕಿಕೊಂಡು ಬಂದಿದ್ದಳು, ಒಳಗೆ ಬೆವರುತ್ತಿದ್ದಳು.

"ನೀವು ಒತ್ತಿ ಸಾರ್, ಮೊದಲು ನಿಮ್ಮದು" ಎಂದಳು.

ಮಾ ಪ್ರೊಫೆಸರ್ ಕನ್ನಡಕ ಸರಿಮಾಡಿಕೊಂಡು ಒತ್ತಿದರು. ಕೋಲುಗಳು ಚಿಮ್ಮಿ ಬಿದ್ದವು. ಮೊದಲ ಎಸೆತಕ್ಕೇ ಬ್ಯಾಕ್-ದೊ. ಪರದೆಯ ಮೇಲೆ ಅಕ್ಷರ ಮೂಡಿತು: ಮಣೆಯಲ್ಲಿ ಕಾಯಿ ಇಲ್ಲ, ಸರದಿ ದಾಟಿತು.

"ನಿಲ್ಸಿ" ಎಂದರು ಅವರು. "ಇದು ತಪ್ಪು."

"ತಪ್ಪಲ್ಲ ಸಾರ್. ಕಾಯಿನೇ ಇಳಿದಿಲ್ಲ. ಹಿಂದಕ್ಕೆ ಅಂದ್ರೆ ಎಲ್ಲಿಗೆ ಹೋಗುತ್ತೆ?"

"ಬ್ಯಾಕ್-ದೊ ಮೊದಲೇ ಬಿದ್ರೆ ಕಾಯಿ ನೇರ ಹೊರಡೋ ಚುಕ್ಕಿ ಮೇಲೆ ಕೂರುತ್ತೆ. ಮುಂದೆ ಏನು ಬಿದ್ರೂ ಹಣ್ಣು. ಇದು ಮಕ್ಕಳಿಗೂ ಗೊತ್ತಿರೋ ವಿಷಯ."

"ಯಾವೂರಲ್ಲಿ ಸಾರ್?"

"ಎಲ್ಲ ಊರಲ್ಲೂ."

ಪ್ರೊಫೆಸರ್ ಪೂರ್ವದ ಬೆಟ್ಟಗಳ ಕಡೆಯವರು. ಯುತ್ ಆಡುವ ನಮ್ಮ ಜನಕ್ಕೆಲ್ಲ ಒಂದು ಕಾಯಿಲೆ ಇದೆ. ತಮ್ಮ ಓಣಿಯ ನಿಯಮವೇ ದೇಶದ ನಿಯಮ ಎಂದು ಎದೆ ತಟ್ಟಿ ನಂಬಿರುತ್ತಾರೆ. ಹೊಸವರ್ಷದ ಬೆಳಿಗ್ಗೆ ಬೀಗರು ಬೀಗರು ಮುಖ ತಿರುಗಿಸಿಕೊಂಡು ಎದ್ದುಹೋದರೆ ಅದು ಬಹುಪಾಲು ಇದಕ್ಕೇ. ಮೂವತ್ತು ವರ್ಷ ಪಾಠ ಹೇಳಿದ ಪಂಡಿತರೂ ಆ ಕಾಯಿಲೆಯಿಂದ ಪಾರಾಗಿರಲಿಲ್ಲ.

"ನಮ್ಮೂರಲ್ಲಿ ಸರದಿ ದಾಟುತ್ತೆ ಸಾರ್" ಎಂದಳು ದೊಕ್ಸುನ್.

ಮಾ ಪ್ರೊಫೆಸರ್ ಕುರ್ಚಿಗೆ ಒರಗಿದರು. "ನಿಮ್ಮ ಜೂನ್ ತಿಂಗಳ ಉತ್ತರಪತ್ರಿಕೆ ನನಗೆ ನೆನಪಿದೆ. ಆರನೇ ಪ್ರಶ್ನೆಯಿಂದ ಖಾಲಿ. ಆರು ತಿಂಗಳಲ್ಲಿ ಇಷ್ಟು ದೊಡ್ಡದು? ಈಗಿನ ಕಾಲದಲ್ಲಿ ಕೇಳಿದ್ರೆ ಎಐ ಬರೆದುಕೊಡುತ್ತೆ. ತಪ್ಪನ್ನ ಊರಿನ ಮೇಲೆ ಹಾಕಿದ್ರೆ ಆಯ್ತಾ? ಇದನ್ನ ನೀವೇ ಬರೆದಿದ್ದು ಅಂತ ನಾನು ಹೇಗೆ ನಂಬಲಿ?"

ಮೆಂಗ್ ಮೇಡಂ ಏನೋ ಹೇಳಲು ಬಾಯಿ ತೆರೆದರು. ದೊಕ್ಸುನ್‌ಳ ಮುಖ ಕಿವಿಯವರೆಗೆ ಕೆಂಪಾಗಿತ್ತು. ಅವಮಾನಕ್ಕೆ ಅವಳು ಹೊಸಬಳಲ್ಲ, ಆದರೆ ಇಂಥ ಸಿಟ್ಟು ಅವಳಿಗೆ ಹೊಸದು. ತಾನು ಮಾಡಿದ್ದನ್ನು ತನ್ನದಲ್ಲ ಅಂದಾಗ ಬರುವ ಸಿಟ್ಟು ಅದು. ಈ ಪಾಠದಲ್ಲಿ ತನ್ನದು ಅನ್ನುವಂಥದ್ದು ಈವರೆಗೆ ಅವಳ ಹತ್ತಿರ ಏನೂ ಇರಲಿಲ್ಲ.

"ನಿಮ್ಮೂರಿನ ನಿಯಮ ಹಾಕ್ಕೊಡ್ತೀನಿ ಸಾರ್. ಇಲ್ಲೇ, ನಿಮ್ಮ ಕಣ್ಣೆದುರಿಗೇ."

"ಹತ್ತು ನಿಮಿಷ" ಎಂದರು ಪ್ರೊಫೆಸರ್ ಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತ. "ಕೈ ಹಾಕಿ ಆಟ ಕೆಟ್ಟರೆ ಕೆಟ್ಟ ಆಟಕ್ಕೇ ಅಂಕ. ಆಮೇಲೆ ಹಳೇದನ್ನ ನೋಡಿ ಅನ್ನಬಾರದು."

ಮೆಂಗ್ ಮೇಡಂ ಮುಖ ಬಿಳಿಚಿಕೊಂಡಿತು. "ದೊಕ್ಸುನ್ ಅವರೇ, ಬೇಕಾಗಿಲ್ಲ. ಇರೋದು ಸರಿಯಾಗೇ ಇದೆ, ನಾನು ಮಾತಾಡ್ತೀನಿ."

"ಇರಲಿ ಮೇಡಂ."

ಅವಳು ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿ ತೋಳು ಮಡಿಸಿದಳು. ಸಾಲು ಹುಡುಕುವುದು ಕಷ್ಟವಾಗಲಿಲ್ಲ, ತನ್ನ ಮನೆಯ ಕಪಾಟು ತನಗೆ ಗೊತ್ತಿಲ್ಲವೇ. ಬ್ಯಾಕ್-ದೊ ಬಿದ್ದು ಮಣೆಯಲ್ಲಿ ಕಾಯಿ ಇಲ್ಲದಿದ್ದರೆ ಸರದಿ ದಾಟಿಸು ಎಂಬಲ್ಲಿ ಬೆರಳಿಟ್ಟಳು. ಅದನ್ನು ಅಳಿಸಿ, ಒಂದು ಕಾಯಿಯನ್ನು ಹೊರಡುವ ಚುಕ್ಕಿಯ ಮೇಲೆ ಇಡು ಎಂದು ಬರೆದಳು. ಹೊರಡುವ ಚುಕ್ಕಿಯ ಸಂಖ್ಯೆ ಸೊನ್ನೆ. ಕೋಲುಗಳು ಬ್ಯಾಕ್-ದೊ ಆಗಿಯೇ ಬೀಳುವಂತೆ ಬಿಗಿದು ಒತ್ತಿ ನೋಡಿದಳು.

ಕಾಯಿ ಕಾಣಲಿಲ್ಲ. ಮಣೆ ಖಾಲಿ. ಕಾಯಿಗಳೆಲ್ಲ ಇನ್ನೂ ಇಳಿಯದವುಗಳ ಸಾಲಿನಲ್ಲೇ ಉಳಿದಿದ್ದವು. ಇನ್ನೊಮ್ಮೆ ಒತ್ತಿದರೂ ಅದೇ.

ಪ್ರೊಫೆಸರರ ಪೆನ್ನು ಮೇಜನ್ನು ಟಕ್ ಟಕ್ ಎಂದು ಕುಟ್ಟತೊಡಗಿತು. ನಾಲ್ಕು ನಿಮಿಷ ಹೋಗಿತ್ತು.  ಮೂರನೇ ಸಲ, ಮೂರನೇ ಸಲ ಎಂದು ದೊಕ್ಸುನ್‌ಳ ಕಿವಿಯೊಳಗೆ ಯಾರೋ ಹೇಳುತ್ತಿದ್ದರು. ಜೂನ್ ತಿಂಗಳಲ್ಲಾಗಿದ್ದರೆ ಅವಳು ಇಲ್ಲಿಗೇ ಕಲ್ಲಾಗುತ್ತಿದ್ದಳು. ಈಗ ಹಾಗಾಗಲಿಲ್ಲ. ತಾನೇ ಹುಟ್ಟಾ ಪೆದ್ದಿಯಾಗಿ, ಸಾಲಿನ ಮೇಲೆ ಬೆರಳಾಡಿಸುತ್ತ, ಯಂತ್ರ ಮಾಡುವುದನ್ನು ಗಟ್ಟಿಯಾಗಿ ಹೇಳತೊಡಗಿದಳು.

"ಬ್ಯಾಕ್-ದೊ ಬಿತ್ತು. ಮಣೇಲಿ ಕಾಯಿ ಇದೆಯಾ? ಇಲ್ಲ. ಹಾಗಾದ್ರೆ ಒಂದು ಕಾಯಿ ತಗೋ, ಸೊನ್ನೇಲಿ ಇಡು. ಇಟ್ಟೆ. ಈಗ ಪರದೆ ಮೇಲೆ ಮಣೆ ಬಿಡಿಸು. ಈ ಕಾಯಿ ಎಲ್ಲಿದೆ? ಸೊನ್ನೇಲಿ. ಸೊನ್ನೇಲಿದ್ರೆ..." ಅವಳ ಬೆರಳು ನಿಂತಿತು. "ಸೊನ್ನೆ ಅಂದ್ರೆ ಇನ್ನೂ ಹೊರಟೇ ಇಲ್ಲ ಅಂತ ಅರ್ಥ. ಹಾಗಂತ ನಾನೇ ಹೇಳ್ಕೊಟ್ಟಿರೋದು."

ಮಣೆಯ ಮೇಲೆ ಚುಕ್ಕಿ ಒಂದೇ. ಕಾಯಿ ಹೊರಡುವುದೂ ಅಲ್ಲಿಂದ, ಸುತ್ತಿ ಬಂದು ನಿಲ್ಲುವುದೂ ಅಲ್ಲೇ. ಕಣ್ಣಿಗೆ ಎರಡೂ ಒಂದು. ಆದರೆ ಒಂದು ಹೆಜ್ಜೆಯನ್ನೂ ಇಡದ ಕಾಯಿ ಬೇರೆ, ಇಪ್ಪತ್ತು ಮನೆ ನಡೆದು ಇನ್ನೊಂದೇ ಹೆಜ್ಜೆ ಉಳಿದ ಕಾಯಿ ಬೇರೆ. ಪ್ರೊಫೆಸರರ ಊರಿನ ಬ್ಯಾಕ್-ದೊ ಮೊದಲನೆಯದನ್ನು ಎರಡನೆಯದಾಗಿ ಮಾಡುತ್ತಿತ್ತು. ಇದನ್ನು ಅವಳಿಗೆ ಯಾವ ಪುಸ್ತಕವೂ ಹೇಳಿರಲಿಲ್ಲ, ಮೆಂಗ್ ಮೇಡಂ ಕೂಡ ಹೇಳಿರಲಿಲ್ಲ. ತಾನಾಗಿ ಕಂಡಳು. ಕಂಡ ಸಂತೋಷಕ್ಕೆ ಅವಳಿಗೆ ಗಡಿಯಾರವೂ ಅಂಕದ ಹಾಳೆಯೂ ಒಂದು ಗಳಿಗೆ ಮರೆತೇಹೋಯಿತು.

ಸೊನ್ನೆಯನ್ನು ಅಳಿಸಿ ಇಪ್ಪತ್ತು ಎಂದು ಬರೆದಳು. ಒತ್ತಿದಳು. ಮಣೆಯ ಮೂಲೆಯಲ್ಲಿ ಕೆಂಪು ಕಾಯಿ ಹಾಯಾಗಿ ಕೂತಿತ್ತು.

"ಆಯ್ತಾ?" ಎಂದು ಪ್ರೊಫೆಸರ್ ಮುಂದಕ್ಕೆ ಬಾಗಿದರು.

"ಇನ್ನೂ ಇಲ್ಲ ಸಾರ್. ನಿಮ್ಮನ್ನ ಒಂದು ಕೇಳ್ಬೇಕು." ದೊಕ್ಸುನ್ ಅವರ ಕಡೆ ಪೂರ್ತಿ ತಿರುಗಿ ಕೂತಳು. "ಅಲ್ಲಿ ಕೂತಿರೋ ಕಾಯಿನ ಎದುರಾಳಿ ಬಂದು ಹೊಡೀಬಹುದಾ?"

"ಅದು... ಹೊಡೀಬಹುದು ಅಂತ ಕಾಣುತ್ತೆ."

"ಕಾಣುತ್ತೆ ಅಂದ್ರೆ ಯಂತ್ರಕ್ಕೆ ತಿಳಿಯಲ್ಲ ಸಾರ್. ಹೌದಾ, ಇಲ್ವಾ?"

ಮೆಂಗ್ ಮೇಡಂ ಮಫ್ಲರಿನೊಳಗೆ ಮುಖ ಹುದುಗಿಸಿದರು. ಭುಜ ಅಲುಗುತ್ತಿತ್ತು. ಮಾ ಪ್ರೊಫೆಸರ್ ಸೂರು ನೋಡಿದರು. ಬೆಟ್ಟದ ಊರಿನ ಯಾವುದೋ ಹಳೆಯ ಜಗಲಿಯಲ್ಲಿ ಯಾರೋ ಅವರ ಕಾಯಿ ಹೊಡೆದದ್ದನ್ನು ಹುಡುಕುತ್ತಿದ್ದರೇನೋ.

"ಹೌದು" ಎಂದರು ಕೊನೆಗೆ. "ನಮ್ಮಣ್ಣ ಹೊಡೀತಿದ್ದ. ನಾನು ಅಳ್ತಿದ್ದೆ."

"ಹಾಗಾದ್ರೆ ಸರಿ. ಇಪ್ಪತ್ತರಲ್ಲಿ ಇನ್ನೊಬ್ಬರ ಕಾಯಿ ಬಂದು ಕೂತ್ರೆ ಹೊಡೆಯೋದನ್ನ ಆಗಲೇ ಬರೆದಿದೀನಿ, ಅದಕ್ಕೇನೂ ಮಾಡ್ಬೇಕಾಗಿಲ್ಲ." ಬಿಗಿದಿದ್ದ ಕೋಲುಗಳನ್ನು ಸಡಿಲ ಬಿಟ್ಟು, ಅವರ ಕಾಯಿಯನ್ನು ಅಲ್ಲೇ ಉಳಿಸಿ, ಯಂತ್ರವನ್ನು ಅವರ ಕಡೆ ತಳ್ಳಿದಳು. "ಒತ್ತಿ ಸಾರ್."

ಪ್ರೊಫೆಸರ್ ಒತ್ತಿದರು. ಮೂರು ಬಿತ್ತು. ಕೆಂಪು ಕಾಯಿ ಚುಕ್ಕಿ ದಾಟಿ ಹಣ್ಣಾಯಿತು. "ಹಾ" ಎಂದು ಅವರ ಬಾಯಿಂದ ಒಂದು ಸದ್ದು ಹೊರಟಿತು, ಅರವತ್ತರ ಗಂಡಸಿನ ಬಾಯಿಗೆ ಒಪ್ಪದಂಥ ಸದ್ದು. ಹುಷಾರಾಗಿ ಅದನ್ನು ಕೆಮ್ಮಿನೊಳಗೆ ಸೇರಿಸಿಕೊಂಡರು. ಗಡಿಯಾರದಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು.

 ಆಮೇಲೆ ಅವರು ಎದ್ದು ನಿಂತರು, ತಲೆ ಬಗ್ಗಿಸಿದರು. ವಿದ್ಯಾರ್ಥಿಯ ಮುಂದೆ ಪ್ರೊಫೆಸರ್ ಹಾಗೆ ಬಗ್ಗುವುದನ್ನು ದೊಕ್ಸುನ್ ನೋಡಿರಲಿಲ್ಲ. ಗಾಬರಿಯಾಗಿ ತಾನೂ ಎದ್ದು ಬಗ್ಗಿದಳು.

"ಸಂಶಯ ಪಟ್ಟೆ. ತಪ್ಪಾಯ್ತು" ಎಂದರು. "ಎರಡು ಸಲ ಪಾಠ ಹೇಳಿದೆ, ನಿಮಗೆ ತಲೆಗೆ ಹತ್ತಲಿಲ್ಲ ಅಂದ್ಕೊಂಡಿದ್ದೆ. ನನಗೆ ಹೇಳೋಕೆ ಬಂದಿರಲಿಲ್ಲ ಅಂತ ಕಾಣುತ್ತೆ."

"ಕಾಣುತ್ತೆ ಅನ್ನಬಾರದು ಸಾರ್" ಎಂದರು ಮೆಂಗ್ ಮೇಡಂ ಮಫ್ಲರಿನೊಳಗಿಂದ. ಪ್ರೊಫೆಸರ್ ಅದನ್ನು ಕೇಳಿಸಿಕೊಳ್ಳದವರಂತೆ ಪೆನ್ನು ತೆಗೆದುಕೊಂಡು ಹಾಳೆಯಲ್ಲಿ ಅವಳ ಹೆಸರಿನ ಎದುರು ಬರೆದರು. ಬರೆದದ್ದನ್ನು ತಿರುಗಿಸಿ ತೋರಿಸಿದರು. ಆ ಅಂಕಣದಲ್ಲಿ ಅಲ್ಲಿಯವರೆಗಿನ ಹತ್ತು ಜನರಿಗಿಂತ ದೊಡ್ಡ ಅಂಕ ಅದು.

ದೊಕ್ಸುನ್ ಕೋಟು ತೋಳಿನ ಮೇಲೆ ಹಾಕಿಕೊಂಡು ಹೊರಗೆ ಬಂದಳು. ಸೆಬ್ಯೊಲ್ ಮತ್ತು ಹುಡುಗರು ಸುತ್ತುವರಿದರು. ಅಷ್ಟು ಹೊತ್ತು ಒಳಗೆ ಇದ್ದುದರಿಂದ ಆಗಬಾರದ್ದು ಆಗಿದೆ ಎಂದೇ ಅವರೆಲ್ಲ ಅಂದುಕೊಂಡಿದ್ದರು. ಅವಳ ಕಣ್ಣು ತುಂಬಿದ್ದನ್ನು ನೋಡಿ ಸೆಬ್ಯೊಲ್‌ಳ ಮುಖ ಇಳಿದುಹೋಯಿತು.

"ಏನಾಯ್ತು ಚಿಕ್ಕಮ್ಮ?"

ದೊಕ್ಸುನ್ ಹೇಳಬೇಕೆಂದು ಬಾಯಿ ತೆರೆದರೆ ಅಳು ಬಂತು. ಹದಿನಾಲ್ಕನೇ ವಯಸ್ಸಿನಲ್ಲಿ ಬಾರದೆ ಉಳಿದದ್ದೂ ಜೊತೆಗೆ ಬಂತೋ ಏನೋ, ಒಳ್ಳೆಯ ಕೋಟಿನಲ್ಲೇ ಮುಖ ಒರೆಸಿಕೊಂಡು, ಹುಡುಗರ ನಡುವೆ ನಾಚಿಕೆಯಿಲ್ಲದೆ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಎಳೆದುಕೊಂಡು ಹೇಳಿದಳು:

"ಮಾರ್ಚ್‌ನಲ್ಲಿ ಎರಡನೇ ವರ್ಷದ ಕ್ಲಾಸು ಶುರುವಾದಾಗ ನನಗೊಂದು ಜಾಗ ಹಿಡಿದಿಡು. ಮುಂದಿನ ಬೆಂಚಲ್ಲಿ."